ಸಂಜೆ ಐದಾದರೆ ಮಾವ ಡ್ಯೂಟಿಗೆ ಹೊರಡುತ್ತಾರೆ. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಹೇಗೆ ನಿಭಾಯಿಸುತ್ತಿದ್ದೀರಿ?

ತುಮಕೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ಈಗ ರಾತ್ರಿ ಎರಡು ಗಂಟೆ. ಮಾವ ಈಗಷ್ಟೇ ಮಲಗಿದರು. ನನಗೆ ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾವನಿಗೆ 77 ವರ್ಷ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು. ಮೂರು ವರ್ಷದ ಹಿಂದೆ ಹೇಳಿದ್ದನ್ನೇ ಹೇಳಲು ಶುರು ಮಾಡಿದರು. ಆಮೇಲೆ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪಿದರು. ಮೂವತ್ತು ವರ್ಷ ಚಿಲ್ಲರೆ ಎಣಿಸಿದ ಕೈ ಅದು. ನಮಗೆ ಆಗಲೇ ಗೊತ್ತಾಗಬೇಕಿತ್ತು. ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಹಾಗೆ ಅಂದುಕೊಂಡು ಸುಮ್ಮನಾದೆವು. ಮೊದಲು ತೋರಿಸಿದ ಡಾಕ್ಟರೂ 'ವಯಸ್ಸಾಯಿತಲ್ವಾ' ಅಂದು ಶಕ್ತಿ ಮಾತ್ರೆ ಬರೆದುಕೊಟ್ಟರು. ಎರಡು ವರ್ಷ ಹಾಗೇ ಹೋಯಿತು. ಹೋದ ವರ್ಷ ಬೆಂಗಳೂರಿನಲ್ಲಿ ಪರೀಕ್ಷೆ ಎಲ್ಲಾ ಮಾಡಿಸಿದ ಮೇಲೆ ಅಲ್‌ಝೈಮರ್ಸ್ ಅಂದರು.

ಬೆಳಿಗ್ಗೆ ಹೇಗೋ ನಡೆಯುತ್ತದೆ. ಸಂಜೆ ಐದಾದರೆ ಸಾಕು, 'ಡ್ಯೂಟಿಗೆ ಟೈಮ್ ಆಯ್ತು, ನನ್ನ ಬ್ಯಾಗ್ ಎಲ್ಲಿ' ಅಂತ ಶುರು. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು ಮಾವ ಅಂದರೆ ಕೋಪ. ಬಾಗಿಲು ಹಾಕಿದರೆ ಬಡಿಯುತ್ತಾರೆ. ಪಕ್ಕದ ಮನೆಯವರನ್ನು ಕರೆದು 'ಇವಳು ಊಟ ಹಾಕಿಲ್ಲ, ನನ್ನ ದುಡ್ಡು ಕದ್ದಿದ್ದಾಳೆ' ಅನ್ನುತ್ತಾರೆ. ನಾದಿನಿ ತಿಂಗಳಿಗೊಮ್ಮೆ ಬರುತ್ತಾಳೆ. ಅವಳ ಮುಂದೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂದರೆ, 'ಅಪ್ಪ ಸರಿಯಾಗೇ ಇದ್ದಾರಲ್ಲ ಅತ್ತಿಗೆ' ಅಂದು ಹೋಗುತ್ತಾಳೆ. ನಮ್ಮವರಿಗೆ ಶಿಫ್ಟ್ ಕೆಲಸ. ಅತ್ತೆ ತೀರಿಕೊಂಡು ಐದು ವರ್ಷ ಆಯಿತು.

ನಿನ್ನೆ ನಾನು ಜೋರಾಗಿ ಕೂಗಿಬಿಟ್ಟೆ. ರಟ್ಟೆ ಹಿಡಿದು ಎಳೆದು ಕೂರಿಸಿದೆ. ಅವರು ಬೆದರಿ ಗೋಡೆಗೆ ಒತ್ತಿಕೊಂಡು ಕೂತರು. ಆಮೇಲೆ 'ಅಮ್ಮಾ, ನೀವು ಯಾರು?' ಅಂದರು.

ಔಷಧಿ ನಡೆಯುತ್ತಿದೆ. ನನಗೆ ಬೇಕಿರುವುದು ದಿನ ದೂಡುವ ದಾರಿ. ಇದನ್ನು ದಾಟಿದವರು ದಯವಿಟ್ಟು ಹೇಳಿ.

ಪುತ್ತೂರಿನ ಅಕ್ಕ

ತಂಗೀ, ಮೊದಲು ಒಂದು ಮಾತು. ರಟ್ಟೆ ಹಿಡಿದು ಎಳೆದೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಯಾರೂ ನಿನ್ನನ್ನು ಕೆಟ್ಟವಳು ಅನ್ನುವುದಿಲ್ಲ. ನಾನೂ ಎಳೆದಿದ್ದೇನೆ. ಅಮ್ಮನನ್ನು ಏಳು ವರ್ಷ ನೋಡಿಕೊಂಡೆ. ಆದರೆ ಅದು ನಿನ್ನ ಶಕ್ತಿ ಮುಗಿದಿದೆ ಅನ್ನುವ ಗುರುತು. ಮುಂದಿನ ಸಲ ಕೈ ಅಷ್ಟು ದೂರ ಹೋಗುತ್ತಿದೆ ಅನ್ನಿಸಿದರೆ ಅವರು ಬೀಳದ ಜಾಗದಲ್ಲಿ ಕೂತಿದ್ದಾರೆ ಅಂತ ನೋಡಿಕೊಂಡು ನೀನು ಪಕ್ಕದ ಕೋಣೆಗೆ ಹೋಗು. ಎರಡು ನಿಮಿಷ ಸಾಕು.

ಇನ್ನು ಡ್ಯೂಟಿ ವಿಷಯ. 'ರಿಟೈರ್ ಆಗಿದ್ದೀರಿ' ಅಂತ ಹೇಳಬೇಡ. ಹೇಳಿ ಗೆದ್ದವರು ಯಾರೂ ಇಲ್ಲ. ನಮ್ಮಮ್ಮ ಸಂಜೆ ಆದರೆ 'ದನ ಬಂದಿಲ್ಲ, ಕರು ಕೂಗುತ್ತಿದೆ' ಅನ್ನುತ್ತಿದ್ದರು. ನಮ್ಮಲ್ಲಿ ದನ ಮಾರಿ ಹದಿನೈದು ವರ್ಷ ಆಗಿತ್ತು. ನಾನು ಆರು ತಿಂಗಳು 'ಎಲ್ಲಿದೆ ದನ, ಹಟ್ಟಿ ಖಾಲಿ ನೋಡಿ' ಅಂತ ತೋರಿಸಿದೆ. ದಿನವೂ ಅತ್ತರು. ದಿನವೂ ಅವರಿಗೆ ಅದು ಹೊಸ ಸುದ್ದಿ. ಆಮೇಲೆ ಒಂದು ದಿನ ಸುಸ್ತಾಗಿ 'ಆ ಕೆಂಪು ದನವಾ ಅಮ್ಮ? ಅದು ಹಾಲು ಜಾಸ್ತಿ ಕೊಡುತ್ತಿತ್ತಾ?' ಅಂತ ಕೇಳಿದೆ. ಅಷ್ಟೇ. ಮುಕ್ಕಾಲು ಗಂಟೆ ದನದ ಕಥೆ ಹೇಳಿದರು, ಚಹಾ ಕುಡಿದರು, ಹೊರಗೆ ಹೋಗುವುದೇ ಮರೆತುಹೋಯಿತು.

ಇನ್ನೊಂದು. ಅಮ್ಮನಿಗೆ ಕೊನೆಕೊನೆಗೆ ಕನ್ನಡ ಪೂರ್ತಿ ಹೋಗಿ ತುಳು ಮಾತ್ರ ಉಳಿಯಿತು. ಘಟ್ಟದ ಮೇಲಿನಿಂದ ಬಂದ ಹೋಂ ನರ್ಸ್ 'ಅಜ್ಜಿ ಮಾತೇ ಕೇಳಲ್ಲ' ಅಂತ ದೂರುತ್ತಿದ್ದಳು. ಅಜ್ಜಿಗೆ ಅವಳ ಮಾತೇ ಅರ್ಥವಾಗುತ್ತಿರಲಿಲ್ಲ. ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳುವಾಗ ಬಿಪಿ ನೋಡಲು ಬರುತ್ತಾ ಅಂತ ಕೇಳುವ ಮುಂಚೆ ಕಾಯಿಲೆಯವರ ಮನೆಮಾತು ಬರುತ್ತಾ ಅಂತ ಕೇಳಿ.

ತುಮಕೂರಿನ ಸೊಸೆ

ಅಕ್ಕಾ, ಓದಿ ಕಣ್ಣೀರು ಬಂತು. ಆದರೆ ಒಂದು ಅನುಮಾನ. ಡ್ಯೂಟಿಗೆ ಹೋಗೋಣ ಅಂದರೆ ಅದು ಸುಳ್ಳು ಹೇಳಿದ ಹಾಗಲ್ವಾ? ದೊಡ್ಡವರಿಗೆ ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ.

ಧಾರವಾಡದ ಕಾಕಾ

ನನಗೂ ಬರಲಿಲ್ಲ ರೀ. ನನ್ನ ಹೆಂಡತಿಗೆ ಈ ಕಾಯಿಲೆ, ಈಗ ಆರನೇ ವರ್ಷ. ಪುತ್ತೂರಿನ ಅಕ್ಕನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಾನು ಇಲ್ಲದ್ದನ್ನು ಇದೆ ಅನ್ನುವುದಿಲ್ಲ. ಅವಳು 'ಅವ್ವ ಎಲ್ಲಿ' ಅಂತ ಕೇಳಿದರೆ, 'ಅವ್ವ ಪ್ಯಾಟಿಗೆ ಹೋಗ್ಯಾಳ' ಅನ್ನಲು ನನಗೆ ಆಗುವುದಿಲ್ಲ. 'ತೀರಿಕೊಂಡಳು' ಅಂದರೆ ಅವಳಿಗೆ ಅದು ಇವತ್ತೇ ಸತ್ತ ಸುದ್ದಿ. ಹಂಗಾಗಿ 'ಅವ್ವನ ನೆನಪು ಬಂತೇನು? ನಿಮ್ಮವ್ವ ಮಾಡುತ್ತಿದ್ದ ಶೇಂಗಾ ಹೋಳಿಗೆ ಹೆಂಗಿರ್ತಿತ್ತು?' ಅಂತ ಕೇಳುತ್ತೇನೆ. ಸುಳ್ಳೂ ಅಲ್ಲ, ಅವಳಿಗೆ ನೋವೂ ಇಲ್ಲ. ಅವರು ಕೇಳುವ ಮಾತಿನ ಹಿಂದೆ ಒಂದು ಹಂಬಲ ಇರುತ್ತದೆ. ಉತ್ತರ ಅದಕ್ಕೆ ಕೊಡಬೇಕು. ನಿಮ್ಮ ಮಾವನಿಗೆ ಬಸ್ಸು ಬೇಕಾಗಿಲ್ಲ ತಂಗಿ, ತನಗೊಂದು ಕೆಲಸ ಇದೆ ಅನ್ನಿಸಬೇಕಾಗಿದೆ.

ವಾರ್ಡ್ ಸಿಸ್ಟರ್

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್. ಮೇಲಿನ ಇಬ್ಬರೂ ಹೇಳಿದ್ದು ಸರಿ. ಸ್ವಲ್ಪ ಆಸ್ಪತ್ರೆ ಕಡೆಯ ಮಾತು ಸೇರಿಸುತ್ತೇನೆ.

ಸಂಜೆ ಹೊತ್ತು ಗೊಂದಲ ಜಾಸ್ತಿಯಾಗುವುದು ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ. ಬೆಳಕು ಇಳಿಯುತ್ತದೆ, ನೆರಳು ಉದ್ದ ಆಗುತ್ತದೆ, ದಿನದ ಸುಸ್ತು ಸೇರುತ್ತದೆ. ಕತ್ತಲಾಗುವವರೆಗೆ ಕಾಯದೆ ನಾಲ್ಕೂವರೆಗೇ ಲೈಟ್ ಎಲ್ಲಾ ಹಾಕಿ. ಟಿವಿ ಆರಿಸಿ. ಧಾರಾವಾಹಿಯಲ್ಲಿ ಜಗಳ ಬಂದರೆ ಮನೆಯೊಳಗೇ ಜಗಳ ಆಗುತ್ತಿದೆ ಅಂದುಕೊಳ್ಳುತ್ತಾರೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಿಸಿ. ಕಾಫಿ ಬೆಳಿಗ್ಗೆಗೆ ಮುಗಿಸಿ. ಕನ್ನಡಿ ನೋಡಿ ಬೆದರುತ್ತಿದ್ದರೆ ಬಟ್ಟೆ ಮುಚ್ಚಿ.

ಮುಖ್ಯವಾದದ್ದು ಇದು. ನಿಧಾನವಾಗಿ ಹೆಚ್ಚುವುದು ಕಾಯಿಲೆಯ ಗುಣ. ಆದರೆ ಎರಡು ಮೂರು ದಿನದಲ್ಲಿ ಏಕಾಏಕಿ ಗೊಂದಲ ಹೆಚ್ಚಿದರೆ, ಮಂಪರು ಬಂದ ಹಾಗಿದ್ದರೆ, ಇಲ್ಲದ್ದು ಕಾಣಲು ಶುರುವಾದರೆ, ಕಾಯಿಲೆ ಮುಂದಕ್ಕೆ ಹೋಯಿತು ಅಂತ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಎಲ್ಲೋ ಬಿದ್ದು ತಲೆಗೆ ಪೆಟ್ಟು, ಇವೆಲ್ಲ ಹಾಗೆ ಮಾಡುತ್ತವೆ. ಅವರಿಗೆ 'ಉರಿ ಮೂತ್ರ' ಅಂತ ಹೇಳಲು ಬರುವುದಿಲ್ಲ. ಸಿಟ್ಟಾಗುತ್ತಾರೆ, ಅಷ್ಟೇ. ನಮ್ಮ ವಾರ್ಡಿಗೆ ಕೈಕಾಲು ಹಿಡಿದು ಕರೆತಂದ ಒಬ್ಬ ಅಜ್ಜನಿಗೆ ಇದ್ದದ್ದು ಐದು ದಿನದಿಂದ ಹೊಟ್ಟೆ ಕಟ್ಟಿದ್ದು. ಎನಿಮಾ ಕೊಟ್ಟ ಮೇಲೆ ಆ ಅಜ್ಜ ಕೈ ಮುಗಿದರು.

ಅಂಗಡಿಯಿಂದ ನೀವೇ ತರುವ ನೆಗಡಿ ಮಾತ್ರೆ, ನಿದ್ದೆ ಮಾತ್ರೆ ಬೇಡ. ಕೆಲವು ಹಳೆಯ ಅಲರ್ಜಿ ಮಾತ್ರೆಗಳು ಮರೆವನ್ನು ಹೆಚ್ಚಿಸುತ್ತವೆ. ಶಾಂತವಾಗಲಿ ಅಂತ ಕೊಡುವ ಕೆಲವು ಮನೋರೋಗದ ಔಷಧಿಗಳಿಂದ ಈ ವಯಸ್ಸಿನವರಿಗೆ ಜೀವಕ್ಕೇ ಅಪಾಯ ಇದೆ, ಡಾಕ್ಟರ್ ತೂಗಿ ನೋಡಿ ಕಡಿಮೆ ದಿನಕ್ಕೆ ಕೊಡುವಂಥವು ಅವು. ಮರೆವಿಗೆ ಕೊಡುವ ಡೊನೆಪೆಜಿಲ್, ಮೆಮಾಂಟಿನ್ ಮಾತ್ರೆಗಳು ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತವೆ. ಇದನ್ನು ಯಾರಾದರೂ ಮೊದಲೇ ಹೇಳಿದರೆ ಮನೆಯವರಿಗೆ ಎಷ್ಟೋ ನಿರಾಸೆ ತಪ್ಪುತ್ತದೆ.

ಮರೆವು ಈಗ ಶುರುವಾಗಿರುವವರು ಓದುತ್ತಿದ್ದರೆ, ಬಿ12, ಥೈರಾಯ್ಡ್ ಪರೀಕ್ಷೆ ಬಿಡಬೇಡಿ. ಖಿನ್ನತೆಯೂ ಮರೆವಿನ ಹಾಗೇ ಕಾಣುತ್ತದೆ. ಇವು ಸರಿ ಮಾಡಬಹುದಾದವು.

ಎಲ್ಲಿ ಹೋಗಬೇಕು ಅಂದರೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕಾಯಿಲೆಯವರಿಗಷ್ಟೇ ಅಲ್ಲ, ನೋಡಿಕೊಳ್ಳುವ ನಿಮಗೂ ಅದು. ರಾತ್ರಿ ಎರಡಕ್ಕೆ ಇಲ್ಲಿ ಬರೆದಿರಲ್ಲ, ಆಗಲೂ ಕರೆ ಮಾಡಬಹುದಿತ್ತು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಬೆಂಗಳೂರಿಗೆ ಹೋಗುವವರಿಗೆ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೇ ಬೇರೆ ವಿಭಾಗ ಇದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದವು, ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಅದರ ಕ್ಲಿನಿಕ್ ಯಾವ ದಿನ ಅಂತ ಕೇಳಿ.

ಹಾಸನದ ಮೊಮ್ಮಗ

ಬಾಗಿಲು ಬಡಿಯುತ್ತಾರೆ ಅಂದಿರಲ್ಲ ಅಕ್ಕ, ಅದಕ್ಕೆ ಒಂದು ಮಾತು. ನಮ್ಮ ತಾತ ಹೋದ ವರ್ಷ ಮನೆಯಿಂದ ಹೊರಟುಹೋದರು. ಹನ್ನೊಂದು ಗಂಟೆ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಅವರು ಹುಟ್ಟಿದ ಊರಿನ ಕೆರೆ ಏರಿ ಮೇಲೆ. ಅಲ್ಲಿಗೆ ಹೋಗುವ ಬಸ್ಸು ಯಾವುದು ಅನ್ನುವುದು ಮಾತ್ರ ಅವರಿಗೆ ಮರೆತಿರಲಿಲ್ಲ.

24 ಗಂಟೆ ಆಗಲಿ ಆಮೇಲೆ ಕಂಪ್ಲೇಂಟ್ ಕೊಡಿ ಅಂತ ಯಾರೋ ಹೇಳಿ ನಾವು ಹೊತ್ತು ಹಾಳು ಮಾಡಿದೆವು. ಹಾಗೆ ಯಾವ ನಿಯಮವೂ ಇಲ್ಲ. ಕಾಣಿಸಲಿಲ್ಲ ಅಂದ ತಕ್ಷಣ 112ಕ್ಕೆ ಕರೆ ಮಾಡಿ. ಈಗ ಅಜ್ಜಿ ದಿನಾ ಬೆಳಿಗ್ಗೆ ತಾತ ಹಾಕಿಕೊಂಡ ಬಟ್ಟೆಯಲ್ಲೇ ಒಂದು ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಜೇಬಲ್ಲಿ ಚೀಟಿ ಇಟ್ಟರೆ ಎಸೆಯುತ್ತಿದ್ದರು. ಹಾಗಾಗಿ ಅಂಗಿ ಕಾಲರಿನ ಒಳಗೆ ಫೋನ್ ನಂಬರ್ ಬರೆದ ಬಟ್ಟೆ ಪಟ್ಟಿ ಹೊಲಿಸಿದೆವು. ಬೀದಿ ಕೊನೆಯ ಟೀ ಅಂಗಡಿ, ಆಟೋ ಸ್ಟ್ಯಾಂಡ್, ದೇವಸ್ಥಾನದ ಪೂಜಾರಿ, ಮೂವರಿಗೂ ವಿಷಯ ಹೇಳಿದ್ದೇವೆ. ಮೊದಲು ನಾಚಿಕೆ ಆಗುತ್ತಿತ್ತು. ಈಗ ತಾತ ಗೇಟು ದಾಟಿದರೆ ಟೀ ಅಂಗಡಿಯವರೇ 'ಬನ್ನಿ ಗೌಡ್ರೇ, ಟೀ ಕುಡೀರಿ' ಅಂತ ಕೂರಿಸಿಕೊಂಡು ಫೋನ್ ಮಾಡುತ್ತಾರೆ.

ಬಾತ್‌ರೂಮಿನ ಒಳಚಿಲಕ ತೆಗೆಸಿಬಿಡಿ. ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ.

ಡಾಲಸ್‌ನಿಂದ ಒಬ್ಬ ಮಗ

ನಾನು ನಿಮ್ಮ ನಾದಿನಿ ಜಾಗದಲ್ಲಿ ಇರುವವನು. ಅಮ್ಮ ಮೈಸೂರಿನಲ್ಲಿ, ಅಣ್ಣ ಅತ್ತಿಗೆ ಜೊತೆ ಇದ್ದಾರೆ. ಎರಡು ವರ್ಷ ನಾನೂ ವಿಡಿಯೋ ಕಾಲ್‌ನಲ್ಲಿ ನೋಡಿ 'ಅಮ್ಮ ಚೆನ್ನಾಗಿದ್ದಾರಲ್ಲ' ಅನ್ನುತ್ತಿದ್ದೆ. ಹತ್ತು ನಿಮಿಷ ಯಾರಾದರೂ ಬಂದರೆ ಅವರು ಇದ್ದಬದ್ದ ಶಕ್ತಿ ಎಲ್ಲಾ ಹಾಕಿ ಸರಿಯಾಗಿ ಮಾತಾಡುತ್ತಾರೆ. ಅದರ ಸುಸ್ತು ಆಮೇಲೆ ಬರುತ್ತದೆ. ಅದನ್ನು ನೋಡುವವರು ಮನೆಯಲ್ಲಿ ಇರುವವರು ಮಾತ್ರ.

ಅತ್ತಿಗೆಗೆ ಹರ್ನಿಯಾ ಆಪರೇಷನ್ ಆದಾಗ ನಾನು ಬಂದು ಮೂರು ವಾರ ಅಮ್ಮನನ್ನು ನೋಡಿಕೊಂಡೆ. ನಾಲ್ಕನೇ ರಾತ್ರಿ ಅಮ್ಮ ಮಂಚದ ಪಕ್ಕ ನಿಂತು, ಬಟ್ಟೆ ಒದ್ದೆ ಮಾಡಿಕೊಂಡು, ನನ್ನನ್ನು 'ಸ್ವಾಮೀ, ನಮ್ಮ ಮನೆಗೆ ಬಿಡ್ತೀರಾ?' ಅಂತ ಬೇಡಿಕೊಂಡರು. ನಾನು ಅವರ ಮಗ ಅಂತ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಅತ್ತಿಗೆ ಹೇಳಿದ್ದೆಲ್ಲ ಸ್ವಲ್ಪ ಜಾಸ್ತಿ ಮಾಡಿ ಹೇಳುತ್ತಾರೆ ಅಂದುಕೊಂಡಿದ್ದೆ. ಆ ರಾತ್ರಿ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ನಾದಿನಿಗೆ ವಿವರಿಸಲು ಹೋಗಬೇಡಿ. ನಾಲ್ಕು ದಿನ ನೀನು ಬಂದು ಇರು, ನಾನು ತವರಿಗೆ ಹೋಗುತ್ತೇನೆ ಅನ್ನಿ. ನೀವು ಮನೆಯಲ್ಲಿ ಇದ್ದರೆ ಆಗುವುದಿಲ್ಲ, ನೀವು ಹೊರಡಲೇಬೇಕು. ಮತ್ತೆ ಸಹಾಯ ಕೇಳುವಾಗ ಗಂಟೆ ಲೆಕ್ಕದಲ್ಲಿ ಕೇಳಿ. 'ಆಗಾಗ ಬಂದು ಹೋಗು' ಅಂದರೆ ಯಾರೂ ಬರುವುದಿಲ್ಲ. 'ಭಾನುವಾರ ಮೂರರಿಂದ ಏಳು ನಿನ್ನದು' ಅಂದರೆ ಬರುತ್ತಾರೆ. ದೂರ ಇರುವವರು ದುಡ್ಡು ಕಳಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಈಗ ನಾನು ವಾರಕ್ಕೆ ಮೂರು ರಾತ್ರಿ ಬರುವ ಆಯಾ ಅವರ ಸಂಬಳ ಕೊಡುತ್ತೇನೆ. ಅವರು ರಜೆ ಹಾಕಿದರೆ ಬದಲಿ ಹುಡುಕುವುದೂ ನನ್ನ ಕೆಲಸ. ಏಜೆನ್ಸಿಗೆ ಡಾಲಸ್‌ನಿಂದಲೇ ಫೋನ್ ಮಾಡುತ್ತೇನೆ. ಆ ತಲೆನೋವು ಅತ್ತಿಗೆಗೆ ಇಲ್ಲ.

ಧಾರವಾಡದ ಕಾಕಾ

ನಾನು ಬ್ಯಾಂಕಿನಲ್ಲಿ ಇದ್ದು ನಿವೃತ್ತನಾದವನು. ಕಾಗದ ಪತ್ರದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತೇನೆ. ಇದರಲ್ಲಿ ತಡ ಮಾಡಿದವರು ಬಹಳ ಕಷ್ಟಪಟ್ಟಿದ್ದನ್ನು ಕೌಂಟರಿನ ಈ ಕಡೆ ಕೂತು ನೋಡಿದ್ದೇನೆ.

ತಿಳುವಳಿಕೆ ಇನ್ನೂ ಇರುವಾಗ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಹಾಕಿಸಿ, ವಿಲ್ ಬರೆಸುವುದಿದ್ದರೆ ಡಾಕ್ಟರ್ ಸರ್ಟಿಫಿಕೇಟ್ ಇಟ್ಟುಕೊಂಡು ಬರೆಸಿ. ಬಹಳ ಜನ 'ಜಿಪಿಎ ಮಾಡಿಸಿದ್ದೇವೆ, ಚಿಂತೆ ಇಲ್ಲ' ಅನ್ನುತ್ತಾರೆ. ಜಿಪಿಎ ಅಂದರೆ ತಮ್ಮ ಪರವಾಗಿ ವ್ಯವಹಾರ ಮಾಡಲು ಬರೆದುಕೊಡುವ ಅಧಿಕಾರ ಪತ್ರ. 1872ರ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದರೆ ಆ ಅಧಿಕಾರವೂ ಹೋಗುತ್ತದೆ. ಯಾವಾಗ ಬೇಕೋ ಆಗಲೇ ಅದು ಕೆಲಸಕ್ಕೆ ಬರುವುದಿಲ್ಲ. ಆ ಹಂತ ದಾಟಿದ ಮೇಲೆ ಪಾಲಕರ ನೇಮಕಕ್ಕೆ ಕೋರ್ಟಿಗೆ ಹೋಗಬೇಕು. ವಕೀಲರನ್ನು ಈಗಲೇ ಕಾಣಿ.

ಪಿಂಚಣಿ. ಸಾರಿಗೆ ಸಂಸ್ಥೆಯವರಿಗೆ ಸಾಮಾನ್ಯವಾಗಿ ಭವಿಷ್ಯ ನಿಧಿ ಸಂಸ್ಥೆಯ ಪಿಂಚಣಿ ಯೋಜನೆ ಇಪಿಎಸ್-95 ಇರುತ್ತದೆ. ಅದಕ್ಕೆ ಜೀವನ ಪ್ರಮಾಣ ಪತ್ರವನ್ನು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ನವೆಂಬರ್ ನೂಕುನುಗ್ಗಲಿನಲ್ಲಿ ಅವರನ್ನು ನಿಲ್ಲಿಸಬೇಡಿ. ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಅಂಚೆ ಕಚೇರಿಯಲ್ಲಿ ಕೇಳಿ. ಬೆರಳಚ್ಚು ಸವೆದಿದ್ದರೆ ಮುಖ ತೋರಿಸಿ ಮಾಡುವ ಆ್ಯಪ್ ಇದೆ. ಬ್ಯಾಂಕಿನ ಕೆಲಸಕ್ಕೂ 70 ದಾಟಿದವರಿಗೆ ಮನೆ ಬಾಗಿಲಿಗೇ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಕೇಳದೆ ಯಾರೂ ಕೊಡುವುದಿಲ್ಲ, ಬರವಣಿಗೆಯಲ್ಲಿ ಕೇಳಿ.

ಅಂಗವಿಕಲತೆಯ ಯುಡಿಐಡಿ ಕಾರ್ಡಿಗೆ ಡೆಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವವರೂ ಅರ್ಜಿ ಹಾಕಬಹುದು, ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಶೇಕಡಾವಾರು ಬರೆಯುತ್ತಾರೆ. ಆದಾಯ ತೆರಿಗೆಯಲ್ಲಿ ಚಿಕಿತ್ಸೆ ಖರ್ಚಿಗೆ ಕಡಿತ ಸಿಗುವ ಕಾಯಿಲೆಗಳ ಪಟ್ಟಿಯಲ್ಲಿ (1961ರ ಕಾಯ್ದೆಯಲ್ಲಿ ಅದು 80ಡಿಡಿಬಿ) ಡೆಮೆನ್ಶಿಯಾ ಹೆಸರು ಹಿಡಿದೇ ಇದೆ, ಅಂಗವಿಕಲತೆ 40 ಶೇಕಡಾ ಅಥವಾ ಜಾಸ್ತಿ ಇರಬೇಕು. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ, ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷ ರೂಪಾಯಿವರೆಗೆ ಕಡಿತ. ಔಷಧಿ ಬಿಲ್ಲು ಎಲ್ಲಾ ಒಂದು ಕವರಿನಲ್ಲಿ ಹಾಕುತ್ತಾ ಹೋಗಿ.

ಪುತ್ತೂರಿನ ಅಕ್ಕ

ಕಾಕಾ ಅವರೇ, ನಿಮ್ಮ ಮಾತು ನನಗೆ ಹತ್ತು ವರ್ಷದ ಹಿಂದೆ ಸಿಗಬೇಕಿತ್ತು. ಅಮ್ಮನ ಹೆಸರಿನ ಠೇವಣಿ ಬಿಡಿಸಲು ಆಗದೆ ನಾವು ಚಿನ್ನ ಅಡ ಇಟ್ಟು ಔಷಧಿ ತಂದೆವು.

ತುಮಕೂರಿನ ಸೊಸೆ (ಹನ್ನೆರಡು ದಿನದ ನಂತರ)

ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ನೀವು ಹೇಳಿದ್ದನ್ನು ಒಂದೊಂದಾಗಿ ಮಾಡಿದೆ.

ಸಿಸ್ಟರ್ ಹೇಳಿದ ಹಾಗೆ ಮೂತ್ರ ಪರೀಕ್ಷೆ ಮಾಡಿಸಿದೆ. ಸೋಂಕು ಇತ್ತು. ಏಳು ದಿನ ಮಾತ್ರೆ ನುಂಗಿದ ಮೇಲೆ ರಾತ್ರಿ ಏಳುವುದು ಕಡಿಮೆಯಾಗಿದೆ. ಅಂದರೆ ಇಷ್ಟು ದಿನ ಅವರಿಗೆ ಉರಿ ಇತ್ತು, ನಾನು ಅದನ್ನು ಹಟ ಅಂದುಕೊಂಡಿದ್ದೆ.

ಅಟ್ಟದ ಮೇಲೆ ಅವರ ಹಳೇ ಚರ್ಮದ ಬ್ಯಾಗ್ ಸಿಕ್ಕಿತು. ಬಕಲ್ ಮುರಿದಿತ್ತು, ಸರಿ ಮಾಡಿಸಿದೆ. ಒಳಗೆ ಒಂದಷ್ಟು ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯ ಹಾಕಿದೆ. ಹಳೇ ಲೆಕ್ಕದ ಪುಸ್ತಕಕ್ಕೆ ಗೆರೆ ಎಳೆದು, ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ವೇಬಿಲ್ ಥರ ಮಾಡಿದೆ. ನಾಲ್ಕೂವರೆಗೆ ಹಾಲ್ ಲೈಟ್ ಎಲ್ಲಾ ಹಾಕಿ, ಬ್ಯಾಗ್ ಕೈಗೆ ಕೊಟ್ಟು 'ಮಾವ, ಇವತ್ತು ಯಾವ ರೂಟು?' ಅಂತ ಕೇಳಿದೆ.

ನನ್ನ ಮುಖ ನೋಡಿದರು. ಬ್ಯಾಗ್ ಪಟ್ಟಿಯನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ ಪಟ್ಟಿ ಹೆಗಲಿಗೆ ಹಾಕಿಕೊಂಡು, 'ಪಾವಗಡ' ಅಂದರು. ಕೊರಟಗೆರೆ, ಮಧುಗಿರಿ ಅಂತ ಒಂದೊಂದೇ ಹೇಳುತ್ತಾ ಹೋದರು. ನಡುವೆ ಸಣ್ಣ ಸಣ್ಣ ಸ್ಟಾಪ್‌ಗಳು, ನಾನು ಕೇಳಿರದ ಹಳ್ಳಿಗಳು. ನನ್ನ ಮಗಳು ಸೋಫಾ ಮೇಲೆ ಕೂತು 'ಒಂದು ಮಧುಗಿರಿ' ಅಂತ ಕೈ ಚಾಚಿದಳು. ನಾಣ್ಯ ಎಣಿಸಿ ಚಿಲ್ಲರೆ ಕೊಟ್ಟರು. ಲೆಕ್ಕ ತಪ್ಪಿತ್ತು. ಅವಳು ಸರಿ ಇದೆ ತಾತ ಅಂದಳು. 'ರೈಟ್ ರೈಟ್' ಅಂದರು ಮಾವ, ಎಷ್ಟೋ ವರ್ಷದ ಮೇಲೆ ಆ ದನಿ ಕೇಳಿದೆ.

ದಿನಾ ಇದು ನಡೆಯುವುದಿಲ್ಲ. ಮೊನ್ನೆ ಬ್ಯಾಗ್ ಎಸೆದರು, ಬಾಗಿಲು ಬಡಿದರು. ಆದರೆ ವಾರದಲ್ಲಿ ನಾಲ್ಕು ಸಂಜೆ ಶಾಂತವಾಗಿ ಹೋದರೆ ನನಗೆ ಅದು ದೊಡ್ಡದು.

ನಾದಿನಿಗೆ ಡಾಲಸ್ ಅಣ್ಣ ಹೇಳಿದ ಹಾಗೇ ಹೇಳಿದೆ. ಮೊದಲು ಆಗಲ್ಲ ಅಂದಳು. ನಮ್ಮವರು ಅವಳಿಗೆ ಫೋನ್ ಮಾಡಿ ಏನು ಹೇಳಿದರೋ ಗೊತ್ತಿಲ್ಲ, ಗುರುವಾರ ಬರುತ್ತಾಳೆ, ಸೋಮವಾರದವರೆಗೆ ಇರುತ್ತಾಳೆ. ನಾನು ತಿಪಟೂರಿಗೆ ಅಮ್ಮನ ಮನೆಗೆ ಹೋಗುತ್ತೇನೆ. ಅವಳಿಗೆ ಎಲ್ಲಾ ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಸ್ನಾನದ ವಿಷಯ ಮಾತ್ರ ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನೀರು ಮೈಮೇಲೆ ಬಿದ್ದರೆ ಹೊಡೆಯಲು ಬರುತ್ತಾರೆ. ನಾದಿನಿ ಮಗಳಲ್ವಾ, ಅವಳ ಮುಂದೆ ಇನ್ನೂ ಜಾಸ್ತಿ ಸಂಕೋಚ ಪಡುತ್ತಾರೆ. ಯಾರಿಗಾದರೂ ಉಪಾಯ ಗೊತ್ತಾ?

ವಾರ್ಡ್ ಸಿಸ್ಟರ್

ಆ ನಾಲ್ಕು ದಿನ ಸ್ನಾನ ಬಿಡಿ, ಏನೂ ಆಗುವುದಿಲ್ಲ. ಬಿಸಿ ನೀರಲ್ಲಿ ಅದ್ದಿದ ಟವೆಲ್‌ನಲ್ಲಿ ಮುಖ, ಕಂಕುಳು, ತೊಡೆ ಸಂದು ಒರೆಸಿದರೆ ಸಾಕು. ಸ್ನಾನ ಮಾಡಿಸುವ ದಿನ ತಲೆ ಮೇಲೆ ಸುರಿಯಬೇಡಿ. ಸ್ಟೂಲ್ ಮೇಲೆ ಕೂರಿಸಿ, ಸೊಂಟಕ್ಕೆ ಪಂಚೆ ಹಾಗೇ ಇರಲಿ, ಪಾದದಿಂದ ಶುರು ಮಾಡಿ. ಚೊಂಬು ಅವರ ಕೈಗೇ ಕೊಡಿ.

ಪುತ್ತೂರಿನ ಅಕ್ಕ

ಚೊಂಬು ಕೊಡುವುದು ನಿಜ. ಕೈಯಲ್ಲಿ ಏನಾದರೂ ಇದ್ದರೆ ಹೊಡೆಯಲು ಕೈ ಬರುವುದಿಲ್ಲ. ನಮ್ಮಮ್ಮನಿಗೆ ಮೊದಲು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ, ಎಣ್ಣೆ ಹಚ್ಚಿದ ಮೇಲೆ ಅವರೇ 'ನೀರು ಕಾದಿದೆಯಾ' ಅಂತ ಕೇಳುತ್ತಿದ್ದರು. ತಿಪಟೂರಿನಲ್ಲಿ ಮೊದಲ ದಿನ ಪೂರ್ತಿ ಮಲಗು ತಂಗಿ. ಫೋನ್ ಅಮ್ಮನ ಕೈಗೆ ಕೊಟ್ಟು ಮಲಗು.